ನಿಮ್ಮ ಬ್ಲಾಗಿಗೆ ಲಿಂಕ್ ಕೊಟ್ಟವರು ಯಾರು? ಸಣ್ಣದೊಂದು ಪ್ಲಗಿನ್ ಹಾಕಿ ಪತ್ತೆ ಮಾಡೋ ಪೂರ್ತಿ ದಾರಿ

ನಾನಿರೋದು ಡೊಂಬಿವ್ಲಿಲಿ, ಬರೆಯೋದು ಮುಂಬೈ ಕನ್ನಡದವರ ಹಳೇ ಹೋಟೆಲು, ಸಂಘ, ಚಾಲ್ ಕತೆಗಳು. ಒಂದ್ಸಲ ಮಾಟುಂಗಾ ಊಟದ ಬಗ್ಗೆ, ಅದೇ ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆಯಲ್ಲ, 1942ರಿಂದ ನಡೀತಾ ಇರೋದು, ಅದ್ರ ಬಗ್ಗೆ ಒಂದು ಪೋಸ್ಟ್ ಹಾಕಿದ್ದೆ. ಹಾಕಿ ಎರಡು ತಿಂಗಳು ಯಾರೂ ತಿರುಗಿ ನೋಡಿರಲಿಲ್ಲ. ಆಮೇಲೊಂದು ಸೋಮವಾರ ಬೆಳಗ್ಗೆ ಲೋಕಲ್‌ನಲ್ಲಿ ನೇತಾಡ್ಕೊಂಡು ಫೋನ್ ನೋಡಿದ್ರೆ ದಿನಾ 20 ಜನ ಬರೋ ಕಡೆ 400 ಜನ ಬಂದಿದ್ದಾರೆ! ಎಲ್ಲಿಂದ ಬಂದ್ರು, ಯಾರು ಕಳಿಸಿದ್ರು, ಹೊಗಳಿದ್ರಾ ಬೈದ್ರಾ ಒಂದೂ ಗೊತ್ತಿಲ್ಲ, ಯಾಕಂದ್ರೆ ನನ್ನ ಹತ್ರ ಇದ್ದಿದ್ದು ಬರೀ ನಂಬರ್ ತೋರ್ಸೋ ಕೌಂಟರ್. ನಾಲ್ಕು ದಿನ ತಲೆ ಕೆಡಿಸ್ಕೊಂಡ ಮೇಲೆ ಗೊತ್ತಾಯ್ತು, ಪುಣೆಯ ಒಬ್ರು ಕನ್ನಡದವರು ತಮ್ಮ ಬ್ಲಾಗಲ್ಲಿ ನನ್ನ ಪೋಸ್ಟಿಗೆ ಲಿಂಕ್ ಕೊಟ್ಟು, ಜೊತೆಗೆ ನಾನು ಬರೆದಿದ್ರಲ್ಲಿ ಒಂದು ತಪ್ಪನ್ನೂ ತೋರ್ಸಿದ್ರು. ಅಷ್ಟೊತ್ತಿಗೆ ಆ ತಪ್ಪನ್ನ 400 ಜನ ಓದಿಯಾಗಿತ್ತು.

ಆವತ್ತಿಂದ ಈ ಲಿಂಕ್ ಟ್ರ್ಯಾಕ್ ಮಾಡೋದನ್ನ ಸ್ವಲ್ಪ ಸೀರಿಯಸ್ಸಾಗಿ ತಗೊಂಡೆ. ದೊಡ್ಡ ಖರ್ಚಿನ ಟೂಲ್ ಏನೂ ಬೇಡ, ವರ್ಡ್‌ಪ್ರೆಸ್ (ಬ್ಲಾಗ್ ನಡೆಸೋ ಸಾಫ್ಟ್‌ವೇರ್) ಒಳಗೆ ಸೇರ್ಸೋ ಒಂದು ಚಿಕ್ಕ ಪ್ಲಗಿನ್ನು, ಅಂದ್ರೆ ಹೆಚ್ಚುವರಿ ಪ್ರೋಗ್ರಾಂ, ಮತ್ತೆ ವಾರಕ್ಕೆ ಇಪ್ಪತ್ತು ನಿಮಿಷ ಸಾಕು.

ಮೊದಲು ಒಂದು ವಿಷ್ಯ ತಲೇಲಿ ಕೂರ್ಸ್ಕೊಳಿ

ಲಿಂಕ್ ಇರೋದು ಬೇರೆ, ಲಿಂಕ್ ಒತ್ತಿ ಜನ ಬರೋದು ಬೇರೆ. ಯಾರೋ ನಿಮಗೆ ಲಿಂಕ್ ಕೊಟ್ಟಿರ್ತಾರೆ, ಯಾರೂ ಒತ್ತಿರಲ್ಲ, ಆಗ ಪ್ಲಗಿನ್‌ಗೆ ಅದು ಗೊತ್ತೇ ಆಗಲ್ಲ. ಇನ್ನೊಂದ್ಕಡೆ ಜನ ದಬದಬ ಬರ್ತಾ ಇರ್ತಾರೆ, ಆದ್ರೆ ಗೂಗಲ್‌ಗೆ ಆ ಲಿಂಕ್ ಕಾಣಲ್ಲ, ಯಾಕಂದ್ರೆ ಅದು ವಾಟ್ಸಾಪ್ ಗ್ರೂಪ್ ಒಳಗಿದೆ. ಬಹಳ ಜನ ಇವೆರಡನ್ನ ಒಂದೇ ಅಂದ್ಕೊಂಡು ಒಂದು ಪ್ಲಗಿನ್ ಹಾಕಿ "ನಂಗೆ ಯಾರೂ ಲಿಂಕೇ ಕೊಟ್ಟಿಲ್ಲ" ಅಂತ ಬೇಜಾರ್ ಮಾಡ್ಕೋತಾರೆ.

ಪ್ಲಗಿನ್ ನೋಡೋದು ರೆಫರರ್ ಅನ್ನೋ ಒಂದು ಮಾಹಿತಿನ. ಒಬ್ರು ಒಂದು ಪುಟದಲ್ಲಿ ಲಿಂಕ್ ಒತ್ತಿದಾಗ ಅವರ ಬ್ರೌಸರ್ "ನಾನು ಇಂಥಾ ಕಡೆಯಿಂದ ಬರ್ತಾ ಇದೀನಿ" ಅಂತ ನಿಮ್ಮ ಸೈಟಿಗೆ ಹೇಳತ್ತೆ. 1996ರ ಎಚ್‌ಟಿಟಿಪಿ (ಬ್ರೌಸರ್ ಮತ್ತೆ ಸೈಟ್ ಮಾತಾಡೋ ನಿಯಮ) ಡಾಕ್ಯುಮೆಂಟಲ್ಲೇ ಇದು ಇದೆ, ಅದೂ ಇಂಗ್ಲಿಷ್ ಸ್ಪೆಲ್ಲಿಂಗ್ ತಪ್ಪಾಗಿ, ಒಂದು ಆರ್ ಬಿಟ್ಟು! ಆ ತಪ್ಪು ಇವತ್ತಿಗೂ ಹಂಗೇ ನಡ್ಕೊಂಡು ಬಂದಿದೆ. ಸೋ ಯಾವುದೋ ಸೆಟ್ಟಿಂಗಲ್ಲಿ ಆ ಪದ ವಿಚಿತ್ರವಾಗಿ ಕಂಡ್ರೆ ನೀವು ಸರಿ ಮಾಡಕ್ಕೆ ಹೋಗ್ಬೇಡಿ.

ದಾದರ್ ಬ್ರಿಜ್ ಮೇಲೆ ನಿಂತು ನೋಡಿ, ಜನ ನುಗ್ತಾ ಇರ್ತಾರೆ, ಅದ್ರಲ್ಲಿ ಯಾರು ವೆಸ್ಟರ್ನ್ ಲೈನಿಂದ ಇಳಿದವರು ಯಾರು ಸೆಂಟ್ರಲ್ಲಿಂದ ಬಂದವರು ಅಂತ ಮುಖ ನೋಡಿ ಹೇಳಕ್ಕಾಗತ್ತಾ? ಟಿಕೆಟ್ ಕೇಳಿದ್ರೆ ಮಾತ್ರ ಗೊತ್ತಾಗೋದು. ರೆಫರರ್ ಅಂದ್ರೆ ಆ ಟಿಕೆಟ್. ಮತ್ತೆ ಟಿಕೆಟ್ ಇಲ್ದೆ ಬರೋರು ಇಲ್ಲೂ ಇರ್ತಾರೆ, ಅವರ ಕತೆ ಮುಂದೆ ಹೇಳ್ತೀನಿ.

ವರ್ಡ್‌ಪ್ರೆಸ್‌ನಲ್ಲಿ ಹಿಂದೆ ಡ್ಯಾಶ್‌ಬೋರ್ಡ್ ಮೇಲೇನೇ ಇನ್‌ಕಮಿಂಗ್ ಲಿಂಕ್ಸ್ ಅಂತ ಒಂದು ಡಬ್ಬಿ ಇರ್ತಿತ್ತು, ಹಳಬರಿಗೆ ನೆನಪಿರತ್ತೆ. 2013ರ ಡಿಸೆಂಬರಲ್ಲಿ ಅದರ 3.8 ವರ್ಷನ್ ಬಂದಾಗ ಅದನ್ನ ತೆಗೆದ್ರು. ಅದಕ್ಕೇ ಈಗ ಪ್ಲಗಿನ್ ಬೇಕು.

ಪ್ಲಗಿನ್ ಆರ್ಸೋದು, ಹಾಕೋದು

ಇದೆಲ್ಲಾ ಸ್ವಂತ ಹೋಸ್ಟಿಂಗ್ ತಗೊಂಡು ವರ್ಡ್‌ಪ್ರೆಸ್ ನಡೆಸೋರಿಗೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಅಥವಾ ಬ್ಲಾಗರ್‌ನಲ್ಲಿ ಪುಕ್ಕಟೆ ಬರೆಯೋರಿಗೆ ಅವರದ್ದೇ ಸ್ಟ್ಯಾಟ್ಸ್ ಪುಟದಲ್ಲಿ ಎಲ್ಲಿಂದ ಬಂದ್ರು ಅನ್ನೋ ಪಟ್ಟಿ ಇರತ್ತೆ, ನೀವು ಸೀದಾ ಕೆಳಗೆ ಪಟ್ಟಿ ಓದೋ ಭಾಗಕ್ಕೆ ಹೋಗಿ.

ನಾನು ಬಳಸೋದು ಕೋಕೋ ಅನಲಿಟಿಕ್ಸ್. ಯಾಕಂದ್ರೆ ಇದು ಲೆಕ್ಕಾನೆಲ್ಲಾ ನಿಮ್ಮ ಸೈಟಿನ ಡೇಟಾಬೇಸಲ್ಲೇ ಇಡತ್ತೆ, ಹೊರಗಿನ ಯಾವ ಕಂಪನಿಗೂ ಕಳಿಸಲ್ಲ, ಅಕೌಂಟ್ ಬೇಡ, ಕುಕೀ ಇಲ್ದೇನೂ ನಡೆಯತ್ತೆ. ಜೆಟ್‌ಪ್ಯಾಕ್ ಚೆನ್ನಾಗೇ ಇದೆ ಆದ್ರೆ ಅದಕ್ಕೆ ವರ್ಡ್‌ಪ್ರೆಸ್ ಡಾಟ್ ಕಾಮ್ ಅಕೌಂಟ್ ಜೋಡಿಸ್ಬೇಕು, ಜೊತೆಗೆ ನಮಗೆ ಬೇಡದ ಹತ್ತು ಸಾಮಾನು ತಗೊಂಡು ಬರತ್ತೆ. ಡಬ್ಲ್ಯೂಪಿ ಸ್ಟ್ಯಾಟಿಸ್ಟಿಕ್ಸ್ ಅಂತ ಇನ್ನೊಂದಿದೆ, ಅದ್ರಲ್ಲಿ ವಿವರ ಜಾಸ್ತಿ, ನಂಗೆ ಅಷ್ಟು ಬೇಡ ಅನ್ನಿಸ್ತು. ಯಾವುದಾದ್ರೂ ಒಂದೇ ಹಾಕಿ ಮಾರಾಯ್ರೇ, ಮೂರು ಹಾಕಿದ್ರೆ ಮೂರೂ ಬೇರೆ ಬೇರೆ ನಂಬರ್ ಹೇಳತ್ತೆ, ಸೈಟೂ ನಿಧಾನ ಆಗತ್ತೆ, ನಿಮ್ಮ ತಲೇನೂ ಕೆಡತ್ತೆ.

ಹಾಕೋದು ಸುಲಭ. ಅಡ್ಮಿನ್ ಒಳಗೆ ಎಡಗಡೆ ಪ್ಲಗಿನ್ಸ್, ಅದ್ರಲ್ಲಿ ಆಡ್ ನ್ಯೂ ಅಥವಾ ಆಡ್ ಪ್ಲಗಿನ್, ಹುಡುಕೋ ಜಾಗದಲ್ಲಿ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಒಂದೇ ತರ ಹೆಸರಿನ ನಾಲ್ಕು ಬರಬಹುದು, ಅದಕ್ಕೆ ಕಾರ್ಡಿನ ಕೆಳಗೆ ಕೊನೇ ಅಪ್‌ಡೇಟ್ ಯಾವಾಗ ಆಗಿದ್ದು, ನಿಮ್ಮ ವರ್ಡ್‌ಪ್ರೆಸ್ ವರ್ಷನ್‌ಗೆ ಹೊಂದತ್ತಾ ಅಂತ ನೋಡ್ಕೊಳಿ. ಎರಡು ವರ್ಷದಿಂದ ಮುಟ್ಟದೇ ಇರೋ ಪ್ಲಗಿನ್‌ನ ನಾನಂತೂ ಮನೆಯೊಳಗೆ ಬಿಟ್ಕೊಳಲ್ಲ. ಇನ್‌ಸ್ಟಾಲ್ ಒತ್ತಿ, ಆಮೇಲೆ ಅದೇ ಬಟನ್ ಆಕ್ಟಿವೇಟ್ ಅಂತ ಆಗತ್ತೆ, ಅದನ್ನೂ ಒತ್ತಿ. ಬಹಳ ಜನ ಎರಡನೇದನ್ನ ಮರೀತಾರೆ. ಆಕ್ಟಿವೇಟ್ ಆದ್ಮೇಲೆ ಡ್ಯಾಶ್‌ಬೋರ್ಡ್ ಮೆನು ಕೆಳಗೆ ಅನಲಿಟಿಕ್ಸ್ ಅಂತ ಕಾಣತ್ತೆ.

ಸೆಟ್ಟಿಂಗ್ಸಲ್ಲಿ ಮೊದಲ ಕೆಲಸ ನಿಮ್ಮನ್ನ ನೀವೇ ಲೆಕ್ಕದಿಂದ ತೆಗೆಯೋದು. ಯಾವ ಯೂಸರ್ ರೋಲ್ ಬಿಡ್ಬೇಕು ಅಂತ ಕೇಳತ್ತೆ, ಅಲ್ಲಿ ಅಡ್ಮಿನಿಸ್ಟ್ರೇಟರ್ ಆರ್ಸಿ. ಇಲ್ಲಾಂದ್ರೆ ಒಂದು ಕಾಗುಣಿತ ತಿದ್ದಕ್ಕೆ ನೀವು ಹತ್ತು ಸಲ ಪುಟ ತೆರೆದಿದ್ದೂ ಓದುಗರು ಬಂದಂಗೆ ಕಾಣತ್ತೆ, ಆ ಖುಷಿ ಬೇಡ. ಕುಕೀ ಬೇಡ ಅಂತ ಇಡಿ. ಹಳೇ ಲೆಕ್ಕ ಎಷ್ಟು ತಿಂಗಳು ಇಟ್ಕೋಬೇಕು ಅನ್ನೋದಕ್ಕೆ ದೊಡ್ಡ ನಂಬರ್ ಕೊಡಿ, ಸಣ್ಣ ಬ್ಲಾಗಿಗೆ ಅದು ಏನೂ ಭಾರ ಅಲ್ಲ.

ಟೆಸ್ಟ್ ಮಾಡೋವಾಗ ಇನ್‌ಕಾಗ್ನಿಟೋ ವಿಂಡೋ ತೆಗೀರಿ, ಲಾಗಿನ್ ಆಗಿರೋ ಬ್ರೌಸರಲ್ಲಿ ನೋಡಿದ್ರೆ ಎಣಿಸಲ್ಲ ಅಂತ ಈಗಷ್ಟೇ ನಾವೇ ಹೇಳಿದೀವಲ್ಲ. ಇನ್ನೊಂದು, ಅಡ್ರೆಸ್ ಬಾರಲ್ಲಿ ಟೈಪ್ ಮಾಡಿ ಬಂದ್ರೆ ರೆಫರರ್ ಇರಲ್ಲ, ಬೇರೆ ಯಾವುದಾದ್ರೂ ಸೈಟಲ್ಲಿ ಇರೋ ಲಿಂಕ್ ಒತ್ತಿಯೇ ಬರ್ಬೇಕು. ಒಂದೆರಡು ನಿಮಿಷ ಕಾದು ರಿಫ್ರೆಶ್ ಮಾಡಿ. ಆಗ್ಲೂ ಏನೂ ಬಂದಿಲ್ಲ ಅಂದ್ರೆ ಹತ್ರಲ್ಲಿ ಒಂಬತ್ತು ಸಲ ಕ್ಯಾಶ್ ಪ್ಲಗಿನ್ (ಪುಟದ ನಕಲು ಇಟ್ಕೊಂಡು ಬೇಗ ಕೊಡೋದು) ಕಾರಣ, ಹಳೇ ಪುಟಾನೇ ಕೊಡ್ತಾ ಇರತ್ತೆ, ಅದ್ರಲ್ಲಿ ಎಣಿಸೋ ಸ್ಕ್ರಿಪ್ಟ್ ಇರಲ್ಲ. ಕ್ಯಾಶ್ ಪೂರ್ತಿ ಖಾಲಿ ಮಾಡಿ ಮತ್ತೆ ನೋಡಿ. ನಿಮ್ಮ ಬ್ರೌಸರಿನ ಆಡ್ ಬ್ಲಾಕರ್ ಕೂಡ ತಡೀಬಹುದು.

ಪಟ್ಟಿ ಓದೋದು

ನಿಜವಾದ ಕೆಲಸ ಇದೇ. ಒಂದು ವಾರ ಬಿಟ್ಟು ನೋಡಿದ್ರೆ ರೆಫರರ್ ಪಟ್ಟೀಲಿ ಏನೇನೋ ಹೆಸರು ಇರತ್ತೆ.

ಗೂಗಲ್, ಬಿಂಗ್ ಇದ್ರೆ ಅದು ಹುಡುಕಾಟ, ಲಿಂಕ್ ಅಲ್ಲ, ಬಿಟ್ಬಿಡಿ. ಎಲ್ ಡಾಟ್ ಫೇಸ್‌ಬುಕ್ ಅಥವಾ ಎಲ್ಎಂ ಡಾಟ್ ಫೇಸ್‌ಬುಕ್ ಅಂತಿದ್ರೆ ಫೇಸ್‌ಬುಕ್ಕಲ್ಲಿ ಯಾರೋ ಹಾಕಿದ್ದಾರೆ, ಯಾವ ಪೋಸ್ಟ್ ಅಂತ ಹೇಳಲ್ಲ. ಟಿ ಡಾಟ್ ಕೋ ಅಂದ್ರೆ ಟ್ವಿಟರ್, ಈಗಿನ ಎಕ್ಸ್. ಆಂಡ್ರಾಯ್ಡ್ ಆಪ್ ಅಂತ ಶುರುವಾಗೋ ಉದ್ದದ್ದೊಂದು ಸಾಲು ಬಂದ್ರೆ ಹೆದ್ರಬೇಡಿ, ಫೋನಿನ ಯಾವುದೋ ಆಪ್ ಒಳಗಿಂದ ಒತ್ತಿ ಬಂದಿದ್ದಾರೆ. ಕನ್ನಡ ವಿಕಿಪೀಡಿಯ ಕಂಡ್ರೆ ಒಂದು ಲೇಖನದ ಉಲ್ಲೇಖದಲ್ಲಿ ನಿಮ್ಮ ಪೋಸ್ಟ್ ಸೇರಿದೆ ಅಂತ ಅರ್ಥ, ನಂಗೆ ಮೊದಲ ಸಲ ಅದು ಕಂಡಾಗ ಆಫೀಸಲ್ಲಿ ಎಲ್ರಿಗೂ ವಡಾಪಾವ್ ಕೊಡ್ಸಿದ್ದೆ. ವಿಕಿಪೀಡಿಯದ ಹೊರಗಿನ ಲಿಂಕಿಗೆಲ್ಲಾ 2007ರಿಂದ ನೋಫಾಲೋ ಗುರುತು (ಈ ಲಿಂಕನ್ನ ರ‍್ಯಾಂಕಿಂಗಿಗೆ ಲೆಕ್ಕ ಹಾಕ್ಬೇಡಿ ಅನ್ನೋ ಸೂಚನೆ) ಇರೋದ್ರಿಂದ ಗೂಗಲ್ ರ‍್ಯಾಂಕಿಂಗಿಗೆ ಅದ್ರಿಂದ ಲಾಭ ಇಲ್ಲ ಅಂತ ಎಸ್‌ಇಒ (ಹುಡುಕಾಟದಲ್ಲಿ ಸೈಟನ್ನ ಮೇಲೆ ತರೋ ಕಸುಬು) ಜನ ಮೂಗು ಮುರೀತಾರೆ, ಮುರೀಲಿ, ಅಲ್ಲಿಂದ ಬರೋರು ಕೂತು ಓದೋ ಜನ.

ಇವೆಲ್ಲಾ ತೆಗೆದ್ಮೇಲೆ ಉಳಿಯೋ ನಾಲ್ಕೈದು ಗೊತ್ತಿಲ್ಲದ ಹೆಸರೇ ನಿಮ್ಗೆ ಬೇಕಾಗಿರೋದು. ಆದ್ರೆ ಇಲ್ಲೊಂದು ಕಿರಿಕಿರಿ. 2020ರ ಆಗಸ್ಟಲ್ಲಿ ಕ್ರೋಮ್ 85 ಬಂದಾಗಿಂದ, ಒಂದು ಸೈಟಿಂದ ಇನ್ನೊಂದು ಸೈಟಿಗೆ ಹೋಗುವಾಗ ಬ್ರೌಸರ್ ಡೊಮೈನ್ ಹೆಸರು ಮಾತ್ರ ಕೊಡತ್ತೆ, ಪುಟದ ಪೂರ್ತಿ ವಿಳಾಸ ಕೊಡಲ್ಲ. ಟಿಕೆಟಲ್ಲಿ ಠಾಣೆ ಅಂತಿದೆ, ಠಾಣೆಲಿ ಯಾವ ಗಲ್ಲಿ ಅಂತ ಇಲ್ಲ. ಪ್ಲಗಿನ್ ಕೆಟ್ಟಿದೆ ಅಂತ ಅದನ್ನ ಬದಲಾಯ್ಸೋರನ್ನ ನೋಡಿದೀನಿ, ಪಾಪ ಪ್ಲಗಿನ್ ತಪ್ಪೇನೂ ಇಲ್ಲ.

ಪುಟ ಹುಡುಕೋ ದಾರಿ ಹೀಗೆ. ಗೂಗಲ್‌ನಲ್ಲಿ ಇಂಗ್ಲಿಷಲ್ಲಿ ಸೈಟ್ ಅಂತ ಟೈಪ್ ಮಾಡಿ, ಕೋಲನ್ ಹಾಕಿ, ಜಾಗ ಬಿಡದೆ ಆ ಡೊಮೈನ್ ಹೆಸರು ಹಾಕಿ, ಆಮೇಲೆ ಒಂದು ಸ್ಪೇಸ್ ಕೊಟ್ಟು ನಿಮ್ಮ ಪೋಸ್ಟಿನ ಒಂದೆರಡು ಅಪರೂಪದ ಪದ ಹಾಕಿ. ನಾನು "ಮಾಟುಂಗಾ" ಹಾಕಿ ಸಿಗದೇ ಇದ್ದಾಗ "ಬೋರ್ಡಿಂಗ್" ಹಾಕ್ದೆ, ಸಿಕ್ತು. ಕನ್ನಡದಲ್ಲಿ ಮಾಟುಂಗ, ಮಾಟುಂಗಾ, ಮಾತುಂಗ ಅಂತ ಮೂರು ತರ ಬರೀತಾರೆ, ಮೂರೂ ಟ್ರೈ ಮಾಡ್ಬೇಕು. ಲಿಂಕ್ ಅಂತ ಕೋಲನ್ ಹಾಕಿ ಹುಡುಕೋ ಹಳೇ ಉಪಾಯ ಹೇಳೋ ಲೇಖನ ಇನ್ನೂ ಓಡಾಡ್ತಾ ಇವೆ, ಗೂಗಲ್ ಅದನ್ನ 2017ರಲ್ಲೇ ಕೈಬಿಟ್ಟಿದೆ, ಟೈಮ್ ಹಾಳು ಮಾಡ್ಕೋಬೇಡಿ.

ಪಟ್ಟೀಲಿ ಕಂಡಿದ್ದನ್ನೆಲ್ಲಾ ಒತ್ತಕ್ಕೂ ಹೋಗ್ಬೇಡಿ. ರೆಫರರ್ ಸ್ಪ್ಯಾಮ್ ಅಂತ ಒಂದು ಹಳೇ ದಂಧೆ ಇದೆ, ಬಾಟ್‌ಗಳು (ತಾವೇ ಓಡಾಡೋ ಪ್ರೋಗ್ರಾಂಗಳು) ಬೇಕಂತಲೇ ಸುಳ್ಳು ರೆಫರರ್ ಇಟ್ಕೊಂಡು ಬರತ್ತೆ, ನೀವು ಕುತೂಹಲಕ್ಕೆ ಅವರ ಸೈಟ್ ತೆಗೀಲಿ ಅಂತ. 2014-15ರಲ್ಲಿ ಸೆಮಾಲ್ಟ್, ದಾರೋದಾರ್ ಅನ್ನೋ ಹೆಸರು ನೋಡದ ಬ್ಲಾಗರ್ರೇ ಇರಲಿಲ್ಲ ಅನ್ಬಹುದು. ಕೋಕೋ ಇಂಥಾದ್ರಲ್ಲಿ ಗೊತ್ತಿರೋದನ್ನ ತಾನೇ ತಡೆಯತ್ತೆ, ಆದ್ರೂ ಜೂಜು, ಔಷಧಿ, "ನಿಮ್ಮ ರ‍್ಯಾಂಕ್ ಏರಿಸ್ತೀವಿ" ತರದ ಹೆಸರು ಕಂಡ್ರೆ ಮುಟ್ಬೇಡಿ. ಮಾಟುಂಗಾ ಇಡ್ಲಿ ಬಗ್ಗೆ ಬರೆದಿದ್ದಕ್ಕೆ ಬೇರೆ ದೇಶದ ಕ್ಯಾಸಿನೋ ಯಾಕೆ ಲಿಂಕ್ ಕೊಡತ್ತೆ ಹೇಳಿ.

ಟಿಕೆಟ್ ಇಲ್ಲದವರು: ವಾಟ್ಸಾಪ್

ನಮ್ಮ ಕನ್ನಡದವರ ಓದು ಅರ್ಧಕ್ಕರ್ಧ ವಾಟ್ಸಾಪಲ್ಲೇ ನಡೆಯತ್ತೆ. ಸಂಘದ ಗ್ರೂಪು, ಬಿಲ್ಡಿಂಗ್ ಗ್ರೂಪು, ಊರಿನ ಗ್ರೂಪು. ಅಲ್ಲಿಂದ ಒತ್ತಿ ಬಂದ್ರೆ ರೆಫರರ್ ಇರಲ್ಲ, ಸೀದಾ ಬಂದಂಗೆ ಕಾಣತ್ತೆ. ನೋಡಿದವರ ಸಂಖ್ಯೆ 300, ರೆಫರರ್ ಪಟ್ಟೀಲಿ ಕೂಡ್ಸಿದ್ರೆ 40, ಉಳಿದವರು ಎಲ್ಲಿಂದ ಅಂದ್ರೆ ಬಹುಪಾಲು ಅಲ್ಲಿಂದಾನೇ.

ಯಾರು ಹಂಚಿದ್ರು ಅಂತ ತಿಳಿಯಕ್ಕಾಗಲ್ಲ, ಆದ್ರೆ ನೀವೇ ಹಂಚಿದ್ದು ಎಷ್ಟು ಓಡ್ತು ಅಂತ ತಿಳಿಬಹುದು. ಅದಕ್ಕೆ ರೀಡೈರೆಕ್ಷನ್ ಅನ್ನೋ ಉಚಿತ ಪ್ಲಗಿನ್ ಇದೆ. (ಒಂದೇ ಪ್ಲಗಿನ್ ಹಾಕಿ ಅಂದವನು ಎರಡನೇದು ಹೇಳ್ತಾ ಇದಾನೆ ಅಂತ ಬೈಬೇಡಿ, ಇದು ಎಣಿಸೋ ಪ್ಲಗಿನ್ ಅಲ್ಲ, ಮತ್ತೆ ಮುಂದಿನ ಭಾಗಕ್ಕೂ ಇದು ಬೇಕು.) ಅದ್ರಲ್ಲಿ ನಿಮ್ಮ ಡೊಮೈನ್ ಆದ್ಮೇಲೆ ಊಟ1 ತರ ಒಂದು ಪುಟ್ಟ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ, ಅದು ನಿಜವಾದ ಪೋಸ್ಟಿಗೆ ಹೋಗೋ ಹಂಗೆ ಇಡಿ. ಸಂಘದ ಗ್ರೂಪಿಗೆ ಊಟ1, ಊರಿನ ಗ್ರೂಪಿಗೆ ಊಟ2. ಪ್ರತಿಯೊಂದಕ್ಕೂ ಎಷ್ಟು ಹಿಟ್ಸ್ ಅಂತ ಪಕ್ಕದಲ್ಲೇ ತೋರ್ಸತ್ತೆ. ಸೇವ್ ಮಾಡೋಕೆ ಮುಂಚೆ ಗೇರ್ ಚಿಹ್ನೆ ಒತ್ತಿ 301 (ಶಾಶ್ವತವಾಗಿ ಕಳಿಸೋದು) ಇರೋದನ್ನ 302 (ತಾತ್ಕಾಲಿಕವಾಗಿ ಕಳಿಸೋದು) ಮಾಡಿ, ಯಾಕಂದ್ರೆ 301 ಅನ್ನೋದನ್ನ ಬ್ರೌಸರ್ ನೆನಪಿಟ್ಕೊಂಡು ಮುಂದಿನ ಸಲ ಸೀದಾ ಪೋಸ್ಟಿಗೇ ಹೋಗ್ಬಿಡತ್ತೆ, ಲೆಕ್ಕ ತಪ್ಪತ್ತೆ. ಇನ್ನೊಂದು, ಲಿಂಕ್ ಪೇಸ್ಟ್ ಮಾಡಿದ ಕೂಡ್ಲೇ ಫೋಟೋ ಸಮೇತ ಪ್ರಿವ್ಯೂ ಬರತ್ತಲ್ಲ, ಅದೂ ಒಂದು ಹಿಟ್ಟಾಗಿ ಸೇರ್ಕೊಳತ್ತೆ. ನಾಲ್ಕೈದು ಕಮ್ಮಿ ಮಾಡಿ ನೋಡಿ.

ಕನ್ನಡ ವಿಳಾಸದ ತೊಂದರೆ

ಇಂಗ್ಲಿಷ್ ಗೈಡುಗಳಲ್ಲಿ ಈ ಭಾಗ ಸಿಗಲ್ಲ, ಆದ್ರೆ ನಮ್ಗೆ ಇದೇ ದೊಡ್ಡ ತಲೆನೋವು. ಕನ್ನಡದಲ್ಲಿ ಶೀರ್ಷಿಕೆ ಹಾಕಿದ್ರೆ ವರ್ಡ್‌ಪ್ರೆಸ್ ವಿಳಾಸಾನೂ ಕನ್ನಡದಲ್ಲೇ ಮಾಡತ್ತೆ, ನೋಡಕ್ಕೆ ಚಂದ, ಆದ್ರೆ ಕಾಪಿ ಮಾಡಿ ಬೇರೆ ಕಡೆ ಹಾಕಿದ್ರೆ ಶೇಕಡಾ ಚಿಹ್ನೆಗಳ ಮೈಲುದ್ದದ ಸಾಲಾಗತ್ತೆ. ಕಾರಣ ಏನಂದ್ರೆ ಒಂದು ಕನ್ನಡ ಅಕ್ಷರಕ್ಕೆ ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರ ಇಟ್ಕೊಳೋ ರೀತಿ) 3 ಬೈಟು, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ 3 ಗುರುತು, ಅಲ್ಲಿಗೆ 9. ಅದೂ ಗುಣಿತದ ಚಿಹ್ನೆ, ಒತ್ತಿನ ವಿರಾಮ ಎಲ್ಲಾ ಬೇರೆ ಬೇರೆ ಲೆಕ್ಕ. "ಮಾಟುಂಗಾ" ಅನ್ನೋದು ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ 7, ವಿಳಾಸದಲ್ಲಿ 63 ಗುರುತು! ವರ್ಡ್‌ಪ್ರೆಸ್ ಡೇಟಾಬೇಸಲ್ಲಿ ವಿಳಾಸಕ್ಕೆ ಇರೋ ಜಾಗ 200. ಅಂದ್ರೆ ಕಂಪ್ಯೂಟರ್ ಲೆಕ್ಕದ 22 ಅಕ್ಷರ ಆದ್ಮೇಲೆ ಕತ್ತರಿ. ನನ್ನ ಉದ್ದುದ್ದ ಶೀರ್ಷಿಕೆಗಳೆಲ್ಲಾ ಅರ್ಧಕ್ಕೆ ತುಂಡಾಗಿ ಎರಡು ಪೋಸ್ಟಿನ ವಿಳಾಸ ಹೆಚ್ಚುಕಮ್ಮಿ ಒಂದೇ ತರ ಆಗಿ, ಒಂದರ ಹಿಂದೆ 2 ಅಂತ ಸೇರ್ಕೊಂಡಿತ್ತು.

ಹೀಗಾದಾಗ ಲಿಂಕ್ ಕೊಡೋರು ಕಾಪಿ ಮಾಡುವಾಗ ಕೊನೇ ಭಾಗ ಬಿಟ್ಟುಹೋಗತ್ತೆ, ಓದುಗರು ಒತ್ತಿದ್ರೆ "ಪುಟ ಸಿಗಲಿಲ್ಲ". ವರ್ಡ್‌ಪ್ರೆಸ್ ಕೆಲವು ಸಲ ತಾನೇ ಊಹಿಸಿ ಸರಿ ಪುಟಕ್ಕೆ ಕಳಿಸತ್ತೆ, ಎಲ್ಲಾ ಸಲ ಅಲ್ಲ. ಸಿಕ್ಕಿದ ಲಿಂಕು ಹಿಂಗೆ ಬಾಗಿಲಲ್ಲೇ ಬಿದ್ದುಹೋದ್ರೆ ಹೊಟ್ಟೆ ಉರಿಯತ್ತೆ.

ಸೋ ರೀಡೈರೆಕ್ಷನ್ ಪ್ಲಗಿನ್‌ನಲ್ಲಿ 404 ಲಾಗ್ ಆನ್ ಮಾಡಿ. ಸಿಗದೇ ಹೋದ ಪ್ರತಿ ವಿಳಾಸ, ಅದ್ರ ರೆಫರರ್ ಸಮೇತ ಅಲ್ಲಿ ಬರತ್ತೆ. ಮುಕ್ಕಾಲು ಪಾಲು ಬಾಟ್‌ಗಳು ಬಾಗಿಲು ಬಡಿದಿದ್ದೇ ಇರತ್ತೆ, ಬೇರೆ ಸೈಟಿನ ರೆಫರರ್ ಇರೋ ಸಾಲು ಮಾತ್ರ ನೋಡಿ. ಅಂಥಾದ್ದು ಸಿಕ್ಕಿದ್ರೆ ಆ ತುಂಡು ವಿಳಾಸಾನ ಸರಿಯಾದ ಪೋಸ್ಟಿಗೆ ಕಳಿಸೋ ರೀಡೈರೆಕ್ಟ್ ಮಾಡಿ, ಈ ಸಲ 301ನೇ ಸರಿ. ಇನ್ನುಮುಂದಿನ ಪೋಸ್ಟಿಗೆ ಪಬ್ಲಿಶ್ ಮಾಡೋಕೆ ಮುಂಚೆ ವಿಳಾಸದ ಜಾಗದಲ್ಲಿ ಎರಡು ಮೂರು ಪದ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ. ಕನ್ನಡ ಅಭಿಮಾನ ಶೀರ್ಷಿಕೇಲಿ ಇರ್ಲಿ, ವಿಳಾಸದಲ್ಲಿ ಬೇಡ ಅನ್ನೋದು ನನ್ನ ಮತ, ಒಪ್ಪದೇ ಇರೋರು ಇದಾರೆ. ಹಳೇ ಪೋಸ್ಟಿನ ವಿಳಾಸ ಬದಲಾಯ್ಸಿದ್ರೆ ವರ್ಡ್‌ಪ್ರೆಸ್ ಹಳೇದನ್ನ ನೆನಪಿಟ್ಕೊಂಡು ಹೊಸದಕ್ಕೆ ಕಳಿಸತ್ತೆ, ಭಯ ಬೇಡ.

ಯಾರೂ ಒತ್ತದ ಲಿಂಕುಗಳು

ಇದಕ್ಕೆ ಎರಡು ದಾರಿ. ಮೊದಲನೇದು ಪಿಂಗ್‌ಬ್ಯಾಕ್, ಸೆಟ್ಟಿಂಗ್ಸ್ ಒಳಗೆ ಡಿಸ್ಕಶನ್‌ನಲ್ಲಿ ಇದೆ. ಬೇರೆ ವರ್ಡ್‌ಪ್ರೆಸ್ ಬ್ಲಾಗಿನವರು ಲಿಂಕ್ ಕೊಟ್ಟು ಪಬ್ಲಿಶ್ ಒತ್ತಿದ ಕೂಡ್ಲೇ ನಿಮ್ಗೆ ಕಾಮೆಂಟ್ ತರ ಸುದ್ದಿ ಬರತ್ತೆ, ಅದೂ ಪುಟದ ಪೂರ್ತಿ ವಿಳಾಸ ಸಮೇತ. ಆದ್ರೆ ಇದನ್ನ ದುರುಪಯೋಗ ಮಾಡೋರೂ ಇದಾರೆ, 2014ರ ಮಾರ್ಚಲ್ಲಿ 1,62,000ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಸೈಟುಗಳ ಪಿಂಗ್‌ಬ್ಯಾಕ್ ಬಳಸಿ ಒಂದು ಸೈಟನ್ನ ಕೆಡವಿದ್ರು. ಅದಕ್ಕೇ ಕೆಲವು ಹೋಸ್ಟಿಂಗ್‌ನವರು ಇದನ್ನ ಬಂದ್ ಮಾಡಿಟ್ಟಿರ್ತಾರೆ. ನಾನು ಆನ್ ಇಟ್ಟಿದೀನಿ, ಆದ್ರೆ ನಾನು ಒಪ್ಪದೇ ಯಾವುದೂ ಕಾಣಲ್ಲ ಅನ್ನೋ ಸೆಟ್ಟಿಂಗ್ ಜೊತೆಗೆ. ನಿಮ್ಮದೇ ಹಳೇ ಪೋಸ್ಟಿಗೆ ಲಿಂಕ್ ಕೊಟ್ರೂ ಪಿಂಗ್ ಬರತ್ತೆ, ಡಿಲೀಟ್ ಮಾಡ್ಕೊಂಡು ಹೋಗಿ.

ಎರಡನೇದು ಗೂಗಲ್ ಸರ್ಚ್ ಕನ್ಸೋಲ್, ನಿಮ್ಮ ಸೈಟು ಗೂಗಲ್‌ಗೆ ಹೇಗೆ ಕಾಣತ್ತೆ ಅಂತ ತೋರ್ಸೋ ಗೂಗಲ್‌ನದ್ದೇ ಉಚಿತ ಟೂಲ್. ನಿಮ್ಮ ಸೈಟ್ ಸೇರ್ಸಿ, ನಿಮ್ಮದೇ ಅಂತ ಸಾಬೀತು ಮಾಡಿ, ಕೆಲವು ದಿನ ಬಿಟ್ಟು ಎಡಗಡೆ ಲಿಂಕ್ಸ್ ಅನ್ನೋದು ಒತ್ತಿ. ಎಕ್ಸ್‌ಟರ್ನಲ್ ಲಿಂಕ್ಸ್ ಕೆಳಗೆ ಯಾವ ಸೈಟು, ನಿಮ್ಮ ಯಾವ ಪೋಸ್ಟಿಗೆ ಅಂತ ಬರತ್ತೆ. ಇಲ್ಲಿ ನಂಗೆ 2 ವರ್ಷ ಹಿಂದೆ ಯಾರೋ ಕೊಟ್ಟ ಲಿಂಕು ಸಿಕ್ತು, ಪ್ಲಗಿನ್‌ನಲ್ಲಿ ಅದು ಒಂದ್ಸಲಾನೂ ಬಂದಿರಲಿಲ್ಲ. ಇದು ತಿಂಗಳಿಗೊಮ್ಮೆ ನೋಡಿದ್ರೆ ಸಾಕು.

ವಾರದ ಕೆಲಸ

ಭಾನುವಾರ ಬೆಳಗ್ಗೆ ಕಾಫಿ ಜೊತೆ ಕೂರ್ತೀನಿ. ಏಳು ದಿನದ ರೆಫರರ್ ಪಟ್ಟಿ, ಹೊಸ ಹೆಸರು ಇದ್ರೆ ಹುಡುಕಿ ಪುಟ ತೆಗೆದು ಪೂರ್ತಿ ಓದೋದು. ಬರೀ ನಿಮ್ಮ ಹೆಸರು ಇರೋ ಸಾಲಲ್ಲ, ಪೂರ್ತಿ. ಒಂದು ಶೀಟಲ್ಲಿ ತಾರೀಖು, ಸೈಟು, ಪುಟದ ವಿಳಾಸ, ನನ್ನ ಯಾವ ಪೋಸ್ಟು, ಏನಂದಿದ್ದಾರೆ ಅಂತ ಐದು ಕಾಲಂ. ಆಮೇಲೆ ಅಲ್ಲಿ ಹೋಗಿ ಎರಡು ಸಾಲು ಬರೆದು ಬರೋದು. ತಪ್ಪು ತೋರ್ಸಿದ್ರೆ ತಿದ್ದಿ, ತಿದ್ದಿದೀನಿ ಅಂತ ಹೇಳೋದು. ಪುಣೆಯವರು ತೋರ್ಸಿದ ತಪ್ಪನ್ನ ತಿದ್ದಿ ಹೇಳಿದ್ಮೇಲೆ ಅವರು ಇನ್ನೂ ಮೂರು ಹಳೇ ಹೋಟೆಲಿನ ವಿಷ್ಯ ಕಳಿಸಿಕೊಟ್ರು, ಒಂದರ ಫೋಟೋ ಸಮೇತ.

ಕೊನೇದಾಗಿ, ನಾನು ಪೆಟ್ಟು ತಿಂದಿದ್ದು ಹೇಳ್ಬಿಡ್ತೀನಿ. ಹೋಸ್ಟಿಂಗ್ ಬದಲಾಯ್ಸುವಾಗ ಟೂಲ್ಸ್ ಒಳಗಿನ ಎಕ್ಸ್‌ಪೋರ್ಟ್ ಒತ್ತಿ ಫೈಲ್ ತಗೊಂಡು ಹೊಸ ಕಡೆ ಹಾಕ್ದೆ, ಪೋಸ್ಟು, ಕಾಮೆಂಟು ಎಲ್ಲಾ ಬಂತು, ಎರಡು ವರ್ಷದ ರೆಫರರ್ ಲೆಕ್ಕ ಮಾತ್ರ ಬರಲಿಲ್ಲ, ಯಾಕಂದ್ರೆ ಆ ಫೈಲಲ್ಲಿ ಪ್ಲಗಿನ್‌ನ ಟೇಬಲ್ ಇರಲ್ಲ. ಹಳೇ ಹೋಸ್ಟಿಂಗ್‌ನವರನ್ನ ಕೇಳುವಷ್ಟರಲ್ಲಿ ಅವರು ಎಲ್ಲಾ ಅಳಿಸಿಯಾಗಿತ್ತು. ಹೋಸ್ಟಿಂಗ್ ಪ್ಯಾನೆಲ್ ಒಳಗೆ ಪಿಎಚ್‌ಪಿ ಮೈಅಡ್ಮಿನ್ ಇರತ್ತೆ, ಅದ್ರಿಂದ ಡೇಟಾಬೇಸ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳಿ, ತಿಂಗಳಿಗೆ ಒಂದ್ಸಲ. ನನ್ನ ಹತ್ರ ಉಳಿದಿದ್ದು ಆ ಐದು ಕಾಲಂ ಶೀಟ್ ಮಾತ್ರ, ಅದ್ರಲ್ಲಿ 31 ಸಾಲು.